ಗೃಹಪಾಠ: ಹೊರೆಯೋ, ನೆರವೋ?



ಗೃಹಪಾಠವು ಬೇಕೆ, ಬೇಡವೆ ಎಂಬ ವಾದವು ನಿಮ್ಮಲ್ಲಿ ಮಾತ್ರವಲ್ಲ, ಪಾಲಕರಲ್ಲಿಯೂ ಶಿಕ್ಷಣವೇತ್ತರಲ್ಲಿಯೂ ಬಹುಕಾಲದಿಂದ ನಡೆದಿದೆ. ಮನೆಯಲ್ಲಿ ಅಭ್ಯಾಸ ಮಾಡದಿದ್ದರೆ ಕಲಿತ ವಿದ್ಯೆ ನಿಲ್ಲದೆಂದು ಒಂದು ಪಕ್ಷದವರು ಹೇಳುತ್ತಾರೆ. ಶಾಲೆಯಲ್ಲಿ ದಿನವೆಲ್ಲ ಕುಳಿತು ಬಂದ ಮಗುವಿಗೆ ಮನೆಯೂ ಶಾಲೆಯೇ ಆದರೆ ಅದು ಆಡುವುದು ಯಾವಾಗ, ಮಲಗುವುದು ಯಾವಾಗ ಎಂದು ಇನ್ನೊಂದು ಪಕ್ಷದವರು ಕೇಳುತ್ತಾರೆ. ಎರಡು ಮಾತುಗಳಲ್ಲಿಯೂ ಸತ್ಯಾಂಶವುಂಟು. ಆದರೆ ‘ಹೊರೆ’ ಎಂದರೇನು ಎಂಬುದನ್ನು ಮೊದಲು ವಿಚಾರಿಸದೆ ತೀರ್ಪು ಕೊಡುವುದು ಯುಕ್ತವಲ್ಲ.

ಈ ಪ್ರಶ್ನೆಯನ್ನು ಸಂಸತ್ತಿನಲ್ಲಿ ಎತ್ತಿದವರಲ್ಲಿ ಒಬ್ಬರು ಪ್ರಸಿದ್ಧ ಕಥೆಗಾರರು. ಮೈಸೂರಿನಲ್ಲಿ ಬಾಳಿ, ಮಾಲ್ಗುಡಿ ಎಂಬ ಊರನ್ನು ಕಲ್ಪಿಸಿ ಇಂಗ್ಲಿಷಿನಲ್ಲಿ ಕಾದಂಬರಿಗಳನ್ನು ಬರೆದ ಆರ್. ಕೆ. ನಾರಾಯಣರು ರಾಜ್ಯಸಭೆಯ ಸದಸ್ಯರಾಗಿದ್ದಾಗ, 1989ರಲ್ಲಿ, ಚೀಲದ ಭಾರದಿಂದ ಬಾಗಿ ನಡೆಯುವ ಎಳೆಯರ ಸ್ಥಿತಿಯನ್ನು ಅಲ್ಲಿ ಬಣ್ಣಿಸಿದರು. ಮುಂದೆ 1992ರಲ್ಲಿ ಕೇಂದ್ರ ಸರಕಾರವು ಪ್ರೊ. ಯಶಪಾಲರ ಅಧ್ಯಕ್ಷತೆಯಲ್ಲಿ ಒಂದು ಸಮಿತಿಯನ್ನು ನೇಮಿಸಿತು. ಯಶಪಾಲರು ಭೌತವಿಜ್ಞಾನಿಗಳು, ನಮ್ಮ ಮುಂಬಯಿಯ ಟಾಟಾ ಮೂಲಭೂತ ಸಂಶೋಧನ ಸಂಸ್ಥೆಯಲ್ಲಿ ವಿಶ್ವಕಿರಣಗಳನ್ನು ಕುರಿತು ಸಂಶೋಧನೆ ಮಾಡಿದವರು.

ಈ ಸಮಿತಿಯು 1993ರಲ್ಲಿ ‘ಹೊರೆಯಿಲ್ಲದ ಕಲಿಕೆ’ ಎಂಬ ವರದಿಯನ್ನು ಒಪ್ಪಿಸಿತು. ಚೀಲದ ತೂಕವು ಕಣ್ಣಿಗೆ ಕಾಣುವ ಹೊರೆ. ಪಾಠವು ಅರ್ಥವಾಗದಿರುವುದು ಅದಕ್ಕಿಂತಲೂ ಹಾನಿಕರವಾದ, ಕಾಣದ ಹೊರೆ ಎಂಬುದೇ ಆ ವರದಿಯ ಸಾರ. ಪ್ರಾಥಮಿಕ ವರ್ಗಗಳ ಮಕ್ಕಳಿಗೆ ಮನೆಯ ಸುತ್ತಮುತ್ತಲನ್ನು ಗಮನಿಸಿ ತಿಳಿಯುವ ಕೆಲಸದ ಹೊರತು ಬೇರೆ ಗೃಹಪಾಠ ಕೂಡದೆಂದೂ, ಮೇಲಿನ ವರ್ಗಗಳಲ್ಲಿ ಅವಶ್ಯವಿದ್ದಾಗ ಕೊಡುವ ಗೃಹಪಾಠವು ಪುಸ್ತಕದ ನಕಲು ಆಗಬಾರದೆಂದೂ ಅದು ಸೂಚಿಸಿತು.

ಅರ್ಥವಾಗದ ಹೊರೆ ಎಂಥದೆಂಬುದನ್ನು ಒಂದು ಉದಾಹರಣೆಯಿಂದ ತಿಳಿಯೋಣ. 1/2ಕ್ಕೆ 1/3ನ್ನು ಕೂಡಿಸಬೇಕಾಗಿದೆ. ಭಿನ್ನರಾಶಿಯ ಅರ್ಥವನ್ನರಿಯದ ಹುಡುಗನು ಮೇಲಿನ ಅಂಕಿಗಳನ್ನೂ ಕೆಳಗಿನ ಅಂಕಿಗಳನ್ನೂ ಬೇರೆ ಬೇರೆ ಕೂಡಿಸಿ 2/5 ಎಂದು ಬರೆಯುತ್ತಾನೆ. ಅಂಥ ಇಪ್ಪತ್ತು ಲೆಕ್ಕಗಳನ್ನು ಮನೆಗೆ ಕೊಟ್ಟರೆ ಅವನು ತಪ್ಪನ್ನೇ ಇಪ್ಪತ್ತು ಸಲ ಅಭ್ಯಾಸ ಮಾಡಿದಂತಾಯಿತು. ಅರ್ಥವನ್ನರಿತವನಾದರೋ, ‘2/5 ಅರ್ಧಕ್ಕಿಂತ ಕಡಿಮೆ, ಅರ್ಧಕ್ಕೆ ಇನ್ನಷ್ಟು ಕೂಡಿಸಿದ ಮೇಲೆ ಮೊತ್ತವು ಅರ್ಧಕ್ಕಿಂತ ಕಡಿಮೆಯಾಗುವುದು ಹೇಗೆ?’ ಎಂದು ತನ್ನನ್ನೇ ಕೇಳಿಕೊಂಡು, 3/6 ಮತ್ತು 2/6 ಸೇರಿ 5/6 ಎಂಬ ಉತ್ತರವನ್ನು ಕಂಡುಕೊಳ್ಳುತ್ತಾನೆ. ಅವನಿಗೆ ನಾಲ್ಕು ಲೆಕ್ಕಗಳೇ ಸಾಕು.

ಹಾಗಾದರೆ ಗೃಹಪಾಠವೇ ಬೇಡವೆ? ಹಾಗೆನ್ನಲಾಗದು. ಜರ್ಮನಿಯ ಹರ್ಮನ್ ಎಬಿಂಗ್‌ಹೌಸ್ ಎಂಬ ವಿದ್ವಾಂಸನು ತನ್ನ ಮೇಲೆಯೇ ಪ್ರಯೋಗ ನಡೆಸಿ, 1885ರಲ್ಲಿ ಅದರ ಫಲಿತಾಂಶಗಳನ್ನು ಪ್ರಕಟಿಸಿದನು. ಕಂಠಪಾಠ ಮಾಡಿದ ವಿಷಯದಲ್ಲಿ ಬಹುಭಾಗವು ಮೊದಲ ದಿನದಲ್ಲಿಯೇ ಮರೆತುಹೋಗುತ್ತದೆ. ಒಂದೇ ದಿನ ಹಲವು ಸಲ ಓದುವುದಕ್ಕಿಂತ ಕೆಲವು ದಿನಗಳಲ್ಲಿ ಹಂಚಿ ಓದಿದರೆ ಶ್ರಮ ಕಡಿಮೆಯಾಗುತ್ತದೆ ಎಂಬುದು ಅದರಿಂದ ತಿಳಿದುಬಂದಿತು. ಅಮೆರಿಕದ ಹ್ಯಾರಿಸ್ ಕೂಪರ್ ಎಂಬವರು ಅನೇಕ ಅಧ್ಯಯನಗಳನ್ನು ಒಟ್ಟುಗೂಡಿಸಿ 2006ರಲ್ಲಿ ಪ್ರಕಟಿಸಿದ ವಿಮರ್ಶೆಯಲ್ಲಿ, ಗೃಹಪಾಠಕ್ಕೂ ಕಲಿಕೆಯ ಪ್ರಗತಿಗೂ ಇರುವ ಸಂಬಂಧವು ದೊಡ್ಡ ಮಕ್ಕಳಲ್ಲಿ ಬಲವಾಗಿಯೂ ಚಿಕ್ಕವರಲ್ಲಿ ದುರ್ಬಲವಾಗಿಯೂ ಕಂಡುಬಂದಿದೆ. ಆದುದರಿಂದ ವಯಸ್ಸಿಗೆ ತಕ್ಕ ಮಿತಿ ಬೇಕೆಂಬುದು ಸ್ಪಷ್ಟ. 2020ರಲ್ಲಿ ಕೇಂದ್ರದ ಶಿಕ್ಷಣ ಮಂತ್ರಾಲಯವು ಹೊರಡಿಸಿದ ಶಾಲಾಚೀಲ ನೀತಿಯು ಈ ಮಿತಿಯನ್ನು ಹೀಗೆ ಸೂಚಿಸಿದೆ: 2ನೆಯ ಇಯತ್ತೆಯವರೆಗೆ ಗೃಹಪಾಠವಿಲ್ಲ, 3ರಿಂದ 5ರವರೆಗೆ ವಾರಕ್ಕೆ ಹೆಚ್ಚೆಂದರೆ 2 ಗಂಟೆ, 6ರಿಂದ 8ರವರೆಗೆ ದಿನಕ್ಕೆ 1 ಗಂಟೆ, ಅದರ ಮೇಲಿನವರಿಗೆ ದಿನಕ್ಕೆ 2 ಗಂಟೆ. ಚೀಲದ ತೂಕವು ದೇಹದ ತೂಕದ ಹತ್ತನೆಯ ಒಂದು ಪಾಲನ್ನು ಮೀರಬಾರದು. ಎಂದರೆ 30 ಕಿಲೋ ತೂಗುವ ಹುಡುಗಿಯ ಚೀಲವು 3 ಕಿಲೋಗಿಂತ ಹೆಚ್ಚಾಗಿರಬಾರದು.

ನಮ್ಮ ಶಾಲೆಯ ಮಕ್ಕಳಿಗೆ ಈ ವಿಚಾರವು ಇನ್ನೂ ಹತ್ತಿರದ್ದು. ಮುಂಬಯಿಯ ಕನ್ನಡ ವಿದ್ಯಾರ್ಥಿಯು ಕನ್ನಡ, ಮರಾಠಿ, ಹಿಂದಿ, ಇಂಗ್ಲಿಷ್ ಎಂಬ ನಾಲ್ಕು ಭಾಷೆಗಳನ್ನು ಮೂರು ಲಿಪಿಗಳಲ್ಲಿ ಕಲಿಯಬೇಕು. ಕೆಲವರ ಮನೆಯಲ್ಲಿ ಪಾಠ ಹೇಳಿಕೊಡಬಲ್ಲ ತಂದೆತಾಯಿಗಳಿದ್ದಾರೆ. ಕೆಲವರ ತಂದೆ ರಾತ್ರಿ ತಡವಾಗಿ ದುಡಿದು ಬರುತ್ತಾರೆ, ಒಂದೇ ಕೋಣೆಯಲ್ಲಿ ಎಲ್ಲರೂ ಇರಬೇಕಾಗುತ್ತದೆ. ಒಂದೇ ಗೃಹಪಾಠವು ಒಬ್ಬನಿಗೆ ಅರ್ಧ ಗಂಟೆಯ ಕೆಲಸವಾದರೆ ಇನ್ನೊಬ್ಬಳ ನಿದ್ದೆಯನ್ನೇ ಕಸಿದುಕೊಳ್ಳುತ್ತದೆ. ಮನೆಯಲ್ಲಿ ನೆರವು ದೊರೆಯದವರ ಪಾಲಿಗೆ ಇದು ಅನ್ಯಾಯ.

‘ನಾವು ಹಗಲು ಹೋಟೆಲಿನಲ್ಲಿ ದುಡಿದು ರಾತ್ರಿಶಾಲೆಯಲ್ಲಿ ಕಲಿತೆವು, ನಿಮಗೇನು ಕಷ್ಟ?’ ಎಂದು ಹಿರಿಯರು ಹೇಳುವುದುಂಟು. ಅವರ ಛಲಕ್ಕೆ ತಲೆಬಾಗೋಣ. ಆದರೆ ಹಗಲೆಲ್ಲ ದುಡಿದವರಿಗೆ ಗೃಹಪಾಠಕ್ಕೆ ಬಿಡುವೆಲ್ಲಿತ್ತು? ವರ್ಗದಲ್ಲಿ ಹೇಳಿದುದನ್ನು ಅಲ್ಲಿಯೇ ಮನಗಾಣದೆ ಗತ್ಯಂತರವಿರಲಿಲ್ಲ. ಹಿರಿಯರಿಂದ ನಾವು ಕಲಿಯಬೇಕಾದುದು ಇದನ್ನೇ.

ಆದುದರಿಂದ ಮಿತ್ರರೆ, ಮೂರು ನಿಯಮಗಳನ್ನು ಪಾಲಿಸಿ ನೋಡಿರಿ. ಮೊದಲನೆಯದು, ಅರ್ಥವಾಗದುದನ್ನು ವರ್ಗದಲ್ಲಿಯೇ ಕೇಳಿರಿ. 6ರಿಂದ 14 ವರ್ಷದ ಮಕ್ಕಳಿಗಾಗಿ ಮಾಡಿದ 2009ರ ಶಿಕ್ಷಣ ಹಕ್ಕಿನ ಕಾಯಿದೆಯು, ಮಗುವು ಭಯವಿಲ್ಲದೆ ತನ್ನ ಅಭಿಪ್ರಾಯವನ್ನು ಹೇಳುವಂತಿರಬೇಕೆಂದೂ, ಸಾಧ್ಯವಿದ್ದಷ್ಟು ಮಟ್ಟಿಗೆ ಮಾತೃಭಾಷೆಯಲ್ಲಿ ಕಲಿಯಬೇಕೆಂದೂ ವಿಧಿಸಿದೆ. ಎರಡನೆಯದು, ಮನೆಯಲ್ಲಿ ಪುಸ್ತಕವನ್ನು ಮುಚ್ಚಿ, ಓದಿದುದನ್ನು ನಿಮ್ಮ ಸ್ವಂತ ಮಾತಿನಲ್ಲಿ ಹೇಳಿ ನೋಡಿರಿ. ಹೇಳಲು ಬಾರದ ಭಾಗವನ್ನು ಮಾತ್ರ ಮತ್ತೆ ಓದಿರಿ. ಮೂರನೆಯದು, ಮರುದಿನ ಒಮ್ಮೆ, ವಾರದ ಬಳಿಕ ಒಮ್ಮೆ ಅದನ್ನೇ ನೆನಪಿಸಿಕೊಳ್ಳಿರಿ. ಪರೀಕ್ಷೆಯ ಹಿಂದಿನ ರಾತ್ರಿಗೆ ಎಲ್ಲವನ್ನೂ ಉಳಿಸಬೇಡಿರಿ.

ಇಷ್ಟು ಮಾಡಿಯೂ ಸಂಜೆಯ ಆಟಕ್ಕೆ, ರಾತ್ರಿಯ ನಿದ್ದೆಗೆ ಸಮಯ ಉಳಿಯದಿದ್ದರೆ, ಅದನ್ನು ಮರೆಮಾಚದೆ ವರ್ಗಶಿಕ್ಷಕರಿಗೂ ತಂದೆತಾಯಿಗಳಿಗೂ ವಿನಯದಿಂದ ತಿಳಿಸಿರಿ. ಯಾವ ಪಾಠಕ್ಕೆ ಎಷ್ಟು ಹೊತ್ತು ಹಿಡಿಯಿತೆಂದು ಒಂದು ವಾರ ಬರೆದಿಟ್ಟು ತೋರಿಸಿದರೆ, ಎಲ್ಲಿ ಕಡಿಮೆ ಮಾಡಬೇಕು, ಎಲ್ಲಿ ಇನ್ನೊಮ್ಮೆ ಹೇಳಿಕೊಡಬೇಕು ಎಂಬುದು ಅವರಿಗೆ ತಿಳಿಯುವುದು.