ತೊಡೆಮೂಳೆಗೆ ರಾಡ್: ಓದುಗರ ಪ್ರಶ್ನೆ, ಮೂಳೆ ತಜ್ಞರ ಉತ್ತರ

ತೊಡೆಮೂಳೆ ಮುರಿದು ರಾಡ್ ಹಾಕಿಸಿಕೊಂಡವರು ಮತ್ತು ಅವರ ಮನೆಯವರು ಬರೆದ ಪತ್ರಗಳಿಗೆ ಈ ಸಂಚಿಕೆಯ ಅಂಕಣ ಮೀಸಲು. ಪ್ರಶ್ನೆಗಳು ಬೇರೆಬೇರೆಯಾದರೂ ಎಲ್ಲರಿಗೂ ಮೊದಲು ತಿಳಿದಿರಬೇಕಾದ ಮಾತು ಒಂದೇ. ರಾಡ್ ಮುರಿದ ಮೂಳೆಯನ್ನು ಅಲುಗದಂತೆ ಹಿಡಿದಿಡುತ್ತದೆ, ಅಷ್ಟೇ. ಕೂಡಿಸುವುದು ನಿಮ್ಮ ದೇಹ. ಆ ಕೆಲಸ ಸುಸೂತ್ರವಾಗಿ ನಡೆಯುವುದೋ ಇಲ್ಲವೋ ಎಂಬುದು ಆಪರೇಷನ್ ಎಷ್ಟು ಬೇಗ ಆಯಿತು, ಆಮೇಲೆ ಕಾಲನ್ನು ಹೇಗೆ ನೋಡಿಕೊಂಡಿರಿ ಎಂಬುದರ ಮೇಲೆ ನಿಂತಿದೆ.

ಪ್ರಶ್ನೆ: ನನ್ನ 24 ವರ್ಷದ ಮಗ ಬೈಕಿನಿಂದ ಬಿದ್ದು ತೊಡೆಮೂಳೆ ನಡುವೆ ಮುರಿಯಿತು. ಮರುದಿನವೇ ರಾಡ್ ಹಾಕಿದರು. ‘ಪುತ್ತೂರಿನ ನಾಟಿ ಕಟ್ಟಿನಲ್ಲೇ ವಾಸಿಯಾಗುತ್ತಿತ್ತು, ಅವಸರ ಮಾಡಿದಿರಿ’ ಎಂದು ನೆಂಟರು ಈಗಲೂ ಹೇಳುತ್ತಾರೆ. ನಾವು ತಪ್ಪು ಮಾಡಿದೆವೇ?
— ತಾಯಿ, ಅರಸೀಕೆರೆ

ಉತ್ತರ: ಇಲ್ಲ ತಾಯಿ, ಸರಿಯಾದದ್ದನ್ನೇ ಮಾಡಿದ್ದೀರಿ. ತೊಡೆಮೂಳೆ ನಮ್ಮ ದೇಹದ ಅತಿ ಉದ್ದದ, ಅತಿ ಗಟ್ಟಿ ಮೂಳೆ. ಅದರ ಸುತ್ತ ಇರುವ ಸ್ನಾಯುಗಳೂ ಅಷ್ಟೇ ಬಲಿಷ್ಠ. ಮೂಳೆ ಮುರಿದ ಕೂಡಲೇ ಅವು ಎರಡು ತುದಿಗಳನ್ನೂ ಎಳೆದು ಒಂದರ ಮೇಲೊಂದು ಏರಿಸುತ್ತವೆ. ಆ ಎಳೆತವನ್ನು ಹೊರಗಿನ ಬಿದಿರುಪಟ್ಟಿ, ಬಟ್ಟೆಕಟ್ಟು ತಡೆದು ನಿಲ್ಲಿಸಲಾರದು. ಮೂಳೆ ಕೂಡಿದರೂ ಕಾಲು ಗಿಡ್ಡವಾಗಿ, ಸೊಟ್ಟಗಾಗಿ ಕೂಡುತ್ತದೆ. ಬಿಗಿಯಾಗಿ ಕಟ್ಟಿದರೆ ಪಾದಕ್ಕೆ ರಕ್ತ ಹರಿಯುವುದು ನಿಂತುಹೋಗುವ ಅಪಾಯ ಬೇರೆ.

ರಾಡ್ ಬಳಕೆಗೆ ಬರುವ ಮುಂಚೆ ಆಸ್ಪತ್ರೆಗಳಲ್ಲೂ ರೋಗಿಯನ್ನು ಎರಡು ಮೂರು ತಿಂಗಳು ಕಾಲಿಗೆ ತೂಕ ಕಟ್ಟಿ ಎಳೆಯುವ ಟ್ರಾಕ್ಷನ್ ಹಾಕಿ ಮಲಗಿಸುತ್ತಿದ್ದರು. ಬೆನ್ನಿಗೆ ಹುಣ್ಣು, ಎದೆಯಲ್ಲಿ ಕಫ, ಕಾಲಿನ ರಕ್ತನಾಳದಲ್ಲಿ ಗಡ್ಡೆ, ಮಡಚಲಾಗದ ಮೊಣಕಾಲು ಇವೆಲ್ಲ ಆಗ ಸಾಮಾನ್ಯ. ಆ ಕಾಲವನ್ನು ಬದಲಿಸಿದವರು ಜರ್ಮನಿಯ ಕೀಲ್ ನಗರದ ಸರ್ಜನ್ ಗೆರ್ಹಾರ್ಡ್ ಕುಂಚರ್. 1939ರಲ್ಲಿ ಅವರು ಮುರಿದ ತೊಡೆಮೂಳೆಯ ಟೊಳ್ಳಿನೊಳಗೆ ಉಕ್ಕಿನ ಸಲಾಕೆ ಇಳಿಸಿದರು. 1940ರಲ್ಲಿ ಬರ್ಲಿನ್ನಿನ ಸರ್ಜನ್‌ಗಳ ಸಭೆಯಲ್ಲಿ ಅದನ್ನು ಮಂಡಿಸಿದಾಗ ಹಲವರು ಒಪ್ಪಲಿಲ್ಲ. ಎರಡನೇ ಮಹಾಯುದ್ಧದಲ್ಲಿ ಜರ್ಮನ್ನರ ಸೆರೆಯಲ್ಲಿದ್ದ ಸೈನಿಕರು ತೊಡೆಯೊಳಗೆ ಸಲಾಕೆ ಇಟ್ಟುಕೊಂಡು ನಡೆಯುತ್ತಲೇ ತಾಯ್ನಾಡಿಗೆ ಮರಳಿದಾಗ ಉಳಿದ ದೇಶಗಳ ವೈದ್ಯರೂ ಅದರ ಬೆಲೆ ಅರಿತರು. ಮುಂದೆ 1984ರಲ್ಲಿ ಅಮೆರಿಕದ ಸಿಯಾಟಲ್‌ನ ವೈದ್ಯರು ಇಂಥ 520 ಮುರಿತಗಳ ಲೆಕ್ಕ ಕೊಟ್ಟರು. ಶೇ 99ಕ್ಕೂ ಹೆಚ್ಚು ಮೂಳೆಗಳು ಕೂಡಿದ್ದವು.

ಇನ್ನು ಅವಸರದ ಮಾತು. ಚರ್ಮ ಹರಿಯದಿದ್ದರೂ ತೊಡೆಯೊಳಗೇ ಒಂದರಿಂದ ಒಂದೂವರೆ ಲೀಟರ್ ರಕ್ತ ಸೋರಬಹುದು. ಮಜ್ಜೆಯ ಕೊಬ್ಬಿನ ಕಣಗಳು ರಕ್ತಕ್ಕೆ ಸೇರಿ ಶ್ವಾಸಕೋಶ, ಮಿದುಳು ತಲುಪಿದರೆ ಮೊದಲ ಮೂರು ದಿನಗಳಲ್ಲಿ ಉಸಿರಾಟದ ತೊಂದರೆ, ಮಂಕು ಕಾಣಿಸುತ್ತದೆ. ರೋಗಿಯ ಸ್ಥಿತಿ ಒಪ್ಪುವುದಾದರೆ 24 ಗಂಟೆಯೊಳಗೆ ಮೂಳೆಯನ್ನು ಭದ್ರಪಡಿಸುವುದು ಶ್ವಾಸಕೋಶದ ತೊಡಕುಗಳನ್ನು ಕಡಿಮೆ ಮಾಡುತ್ತದೆ. ತಲೆಗೆ ಅಥವಾ ಎದೆಗೆ ದೊಡ್ಡ ಪೆಟ್ಟಾಗಿದ್ದರೆ ಮಾತ್ರ ಮೊದಲು ಹೊರಗಿನಿಂದ ತಾತ್ಕಾಲಿಕ ಫ್ರೇಮ್ ಹಾಕಿ, ಚೇತರಿಸಿಕೊಂಡ ಮೇಲೆ ರಾಡ್ ಹಾಕುತ್ತೇವೆ.

ಪ್ರಶ್ನೆ: ತೊಡೆಯನ್ನು ಉದ್ದಕ್ಕೂ ಸೀಳದೆ ಅಷ್ಟುದ್ದದ ರಾಡ್ ಹೇಗೆ ಹಾಕುತ್ತಾರೆ? ಮೂಳೆಯ ಒಳಗನ್ನು ಕೊರೆಯುತ್ತಾರಂತೆ. ಮಜ್ಜೆ ಹೋದರೆ ರಕ್ತ ಉತ್ಪತ್ತಿ ನಿಲ್ಲುವುದಿಲ್ಲವೇ?
— ಕಾಲೇಜು ವಿದ್ಯಾರ್ಥಿನಿ, ಧಾರವಾಡ

ಉತ್ತರ: ಸೊಂಟದ ಬದಿಯಲ್ಲಿ ಚಿಕ್ಕ ಗಾಯ ಮಾಡಿ ತೊಡೆಮೂಳೆಯ ಮೇಲ್ತುದಿಯಿಂದ ಒಳಹೋಗುತ್ತೇವೆ. ಕೆಲವರಿಗೆ ಮೊಣಕಾಲಿನ ಕಡೆಯಿಂದ ಮೇಲಕ್ಕೆ ಹಾಕುವುದೂ ಉಂಟು. ಸಿ-ಆರ್ಮ್ ಎಂಬ ಎಕ್ಸ್-ರೇ ಯಂತ್ರದ ಪರದೆ ನೋಡುತ್ತ ಮುರಿದ ತುದಿಗಳನ್ನು ಎಳೆದು ಸರಿಹೊಂದಿಸಿ, ಎರಡರ ನಡುವೆ ಒಂದು ತಂತಿ ದಾಟಿಸುತ್ತೇವೆ. ಆ ತಂತಿಯ ದಾರಿಯಲ್ಲೇ ಟೊಳ್ಳನ್ನು ಹಂತಹಂತವಾಗಿ ಅಗಲಿಸಿ, ಕೊನೆಗೆ ರಾಡ್ ಇಳಿಸುತ್ತೇವೆ. ಮೇಲೆ, ಕೆಳಗೆ ಮೂಳೆಯಿಂದ ರಾಡ್‌ಗೆ ಅಡ್ಡಲಾಗಿ ಸ್ಕ್ರೂ ಬಿಗಿದರೆ ಮೂಳೆ ತಿರುಗುವುದಿಲ್ಲ, ಕುಸಿಯುವುದೂ ಇಲ್ಲ. ಈ ಅಡ್ಡಸ್ಕ್ರೂಗಳು 1970ರ ದಶಕದಲ್ಲಿ ಬಂದ ಮೇಲೆಯೇ ಚೂರುಚೂರಾದ ಮೂಳೆಗೂ ರಾಡ್ ಹಾಕುವುದು ಸಾಧ್ಯವಾಯಿತು. ಮುರಿದ ಜಾಗವನ್ನು ತೆರೆಯದಿರುವುದು ಈ ವಿಧಾನದ ದೊಡ್ಡ ಗುಣ. ಅಲ್ಲಿ ಹೆಪ್ಪುಗಟ್ಟಿದ ರಕ್ತ ಮತ್ತು ಸುತ್ತಲಿನ ಸ್ನಾಯುವೇ ಹೊಸ ಮೂಳೆಗೆ ಬೀಜ, ಗೊಬ್ಬರ ಎರಡೂ.

ಕೊರೆಯುವುದರಿಂದ ರಕ್ತ ಕಡಿಮೆಯಾಗುವುದಿಲ್ಲ. ವಯಸ್ಕರಲ್ಲಿ ರಕ್ತಕಣ ತಯಾರಾಗುವುದು ಹೆಚ್ಚಾಗಿ ಬೆನ್ನುಮೂಳೆ, ಸೊಂಟ, ಪಕ್ಕೆಲುಬು, ಎದೆಮೂಳೆಗಳಲ್ಲಿ. ತೊಡೆಮೂಳೆಯ ನಡುಭಾಗದಲ್ಲಿರುವುದು ಬಹುಪಾಲು ಕೊಬ್ಬು. ಕೊರೆದಾಗ ಮೂಳೆಯ ಒಳಗೋಡೆಯ ರಕ್ತನಾಳಗಳಿಗೆ ಪೆಟ್ಟಾಗುವುದು ನಿಜ, ಆದರೆ ಅವು ಕೆಲವು ವಾರಗಳಲ್ಲಿ ಮತ್ತೆ ಬೆಳೆಯುತ್ತವೆ. ಅಲ್ಲಿಯವರೆಗೆ ಹೊರಗಿನ ಸ್ನಾಯುಗಳ ಕಡೆಯಿಂದ ರಕ್ತ ಹೆಚ್ಚು ಹರಿಯುತ್ತದೆ. ಕೊರೆದ ಪುಡಿ ಮುರಿತದ ಜಾಗದಲ್ಲಿ ಕೂತು ಮೂಳೆ ಕಸಿಯಂತೆ ಕೆಲಸ ಮಾಡುತ್ತದೆ. ಕೊರೆದರೆ ದಪ್ಪ ರಾಡ್ ಹಿಡಿಸುತ್ತದೆ, ಹಿಡಿತ ಬಿಗಿಯಾಗುತ್ತದೆ. 2003ರಲ್ಲಿ ಕೆನಡಾದ ತಜ್ಞರು ಪ್ರಕಟಿಸಿದ ಅಧ್ಯಯನದಲ್ಲಿ ಕೊರೆಯದೆ ರಾಡ್ ಹಾಕಿದವರಲ್ಲಿ ಶೇ 7.5 ಮೂಳೆಗಳು ಕೂಡಲಿಲ್ಲ. ಕೊರೆದು ಹಾಕಿದವರಲ್ಲಿ ಅದು ಶೇ 1.7 ಮಾತ್ರ.

ಪ್ರಶ್ನೆ: ನನ್ನ ಯಜಮಾನರಿಗೆ ರಾಡ್ ಹಾಕಿ ಎರಡು ವಾರವಾಯಿತು. ಡಾಕ್ಟರು ವಾಕರ್ ಹಿಡಿದು ನಡೆಯಿರಿ ಎಂದಿದ್ದಾರೆ. ಮನೆಯಲ್ಲಿ ಹಿರಿಯರು ಮೂರು ತಿಂಗಳು ಕಾಲು ನೆಲಕ್ಕೆ ತಾಗಿಸಬೇಡ ಎನ್ನುತ್ತಾರೆ. ಯಾರ ಮಾತು ಕೇಳಲಿ? ಊಟದಲ್ಲಿ ಪಥ್ಯ ಇದೆಯೇ?
— ಗೃಹಿಣಿ, ಚಿತ್ರದುರ್ಗ

ಉತ್ತರ: ಡಾಕ್ಟರ ಮಾತು ಕೇಳಿ. ಬೇಗ ಎದ್ದು ನಡೆಯಲೆಂದೇ ರಾಡ್ ಹಾಕುವುದು. ತೂಕ ಬಿದ್ದಾಗ ಮುರಿದ ಜಾಗದಲ್ಲಿ ಆಗುವ ಸಣ್ಣ ಒತ್ತಡ ಮೂಳೆ ಬೆಳೆಯಲು ಪ್ರೇರಣೆ. ಎಷ್ಟು ತೂಕ ಹಾಕಬೇಕು ಎಂಬುದು ಮುರಿತದ ಬಗೆ, ರಾಡಿನ ದಪ್ಪ, ಬೇರೆ ಗಾಯಗಳನ್ನು ಅವಲಂಬಿಸಿರುವುದರಿಂದ ಆಪರೇಷನ್ ಮಾಡಿದವರ ಮಾತೇ ಕೊನೆಯ ಮಾತು.

ಮಲಗಿರುವಾಗಲೂ ಕಾಲಿಗೆ ಕೆಲಸ ಕೊಡಿ. ಪಾದವನ್ನು ಮೇಲೆ ಕೆಳಗೆ ಆಡಿಸುವುದು, ಮೊಣಕಾಲನ್ನು ಹಾಸಿಗೆಗೆ ಒತ್ತಿ ತೊಡೆಯ ಸ್ನಾಯು ಬಿಗಿಹಿಡಿಯುವುದು, ಹಿಮ್ಮಡಿ ಜಾರಿಸುತ್ತ ಮೊಣಕಾಲು ಮಡಚುವುದು. ಇವನ್ನು ದಿನಕ್ಕೆ ಹಲವು ಸಲ ಮಾಡಬೇಕು. ಮೊದಲ ವಾರಗಳಲ್ಲಿ ಮಡಚದ ಮೊಣಕಾಲನ್ನು ಆಮೇಲೆ ಮಡಚಿಸುವುದು ಕಷ್ಟ. ಚಕ್ಕಳಮಕ್ಕಳ ಹಾಕುವುದು, ಕುಕ್ಕರುಗಾಲಲ್ಲಿ ಕೂರುವುದು ಮೂಳೆ ಕೂಡಿದ್ದು ಎಕ್ಸ್-ರೇಯಲ್ಲಿ ಕಂಡ ಮೇಲೆ. ಅಲ್ಲಿಯವರೆಗೆ ಎತ್ತರದ ಕಮೋಡ್ ಅಥವಾ ನಡುವೆ ತೂತಿರುವ ಕುರ್ಚಿ ಬಳಸಿ.

ಪಥ್ಯ ಬೇಡವೇ ಬೇಡ. ಬದನೆಕಾಯಿ, ಮೊಟ್ಟೆ ತಿಂದರೆ ಕೀವಾಗುತ್ತದೆ ಎಂಬುದು ತಪ್ಪು ತಿಳಿವಳಿಕೆ. ಕಾಳು, ಹಾಲು, ಮೊಸರು, ಮೊಟ್ಟೆ, ಮೀನು ಕೊಡಿ. ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ. ಮುದ್ದೆ, ಅಂಬಲಿ ನಿಮ್ಮೂರಿನ ಊಟವೇ ಅಲ್ಲವೇ? ವಿಟಮಿನ್ ಡಿ ಪರೀಕ್ಷೆ ಮಾಡಿಸಿ, ಕಡಿಮೆ ಇದ್ದರೆ ಮಾತ್ರೆ ಬೇಕು.

ಈ ಲಕ್ಷಣಗಳು ಕಂಡರೆ ಮಾತ್ರ ತಡಮಾಡಬೇಡಿ: ಜ್ವರ, ಗಾಯದಿಂದ ಕೀವು ಅಥವಾ ನೀರು ಸೋರುವುದು, ಮೀನಖಂಡದ ಊತ ಮತ್ತು ನೋವು. ಇದ್ದಕ್ಕಿದ್ದಂತೆ ಉಸಿರು ಕಟ್ಟಿದರೆ ಅಥವಾ ಎದೆನೋವು ಬಂದರೆ ಕೂಡಲೇ 108ಕ್ಕೆ ಕರೆ ಮಾಡಿ.

ಪ್ರಶ್ನೆ: ರಾಡ್ ಹಾಕಿ ಮೂರು ವಾರವಾಯಿತು. ಮಲಗಿದಾಗ ಆಪರೇಷನ್ ಆದ ಕಾಲಿನ ಪಾದ ಇನ್ನೊಂದಕ್ಕಿಂತ ಹೆಚ್ಚು ಹೊರಕ್ಕೆ ತಿರುಗುತ್ತದೆ. ನಡೆಯುತ್ತ ಸರಿಹೋಗುತ್ತದೆಯೇ?
— ಆಟೊ ಚಾಲಕ, ಬಳ್ಳಾರಿ

ಉತ್ತರ: ಸ್ನಾಯುವಿನ ಬಲಹೀನತೆಯಿಂದಲೂ ಪಾದ ಹೊರಕ್ಕೆ ವಾಲಬಹುದು, ಅದು ವ್ಯಾಯಾಮದಿಂದ ಸರಿಹೋಗುತ್ತದೆ. ಆದರೆ ಮೂಳೆಯ ಎರಡು ತುಂಡುಗಳೇ ತಿರುಚಿದಂತೆ ನಿಂತಿದ್ದರೆ ತಾನಾಗಿ ಸರಿಹೋಗದು. ಎರಡೂ ಕಾಲುಗಳ ಸಿ.ಟಿ. ಸ್ಕ್ಯಾನ್ ಹೋಲಿಸಿದರೆ ವ್ಯತ್ಯಾಸ ಎಷ್ಟು ಡಿಗ್ರಿ ಎಂದು ತಿಳಿಯುತ್ತದೆ. 15 ಡಿಗ್ರಿಗಿಂತ ಹೆಚ್ಚಿದ್ದರೆ ಸಾಮಾನ್ಯವಾಗಿ ತಿದ್ದುವ ಯೋಚನೆ ಮಾಡುತ್ತೇವೆ. ಮೂಳೆ ಕೂಡುವ ಮುಂಚೆಯಾದರೆ ಸ್ಕ್ರೂ ಬಿಚ್ಚಿ ತಿರುಗಿಸಿ ಮತ್ತೆ ಬಿಗಿಯುವುದಷ್ಟೇ ಕೆಲಸ. ಕೂಡಿದ ಮೇಲೆ ಮೂಳೆಯನ್ನೇ ಕತ್ತರಿಸಬೇಕಾಗುತ್ತದೆ. ಈ ವಾರವೇ ಹೋಗಿ ತೋರಿಸಿ. ತೊಡೆಸಂದಿಯಲ್ಲಿ ನೋವಿದ್ದರೆ ಅದನ್ನೂ ಹೇಳಿ. ತೊಡೆಮೂಳೆ ನಡುವೆ ಮುರಿದವರಲ್ಲಿ ಕೆಲವರಿಗೆ ಅದೇ ಮೂಳೆಯ ಕುತ್ತಿಗೆಯಲ್ಲೂ ಸಣ್ಣ ಬಿರುಕು ಇರುತ್ತದೆ. ಮೊದಲ ಎಕ್ಸ್-ರೇಯಲ್ಲಿ ಅದು ಕಾಣದೇ ಹೋಗಬಹುದು.

ಪ್ರಶ್ನೆ: ಏಳು ತಿಂಗಳಾದರೂ ಮೂಳೆ ಪೂರ್ತಿ ಕೂಡಿಲ್ಲ ಎನ್ನುತ್ತಾರೆ. ನಡೆದರೆ ನೋವು. ದಿನಕ್ಕೆ ಒಂದು ಕಟ್ಟು ಬೀಡಿ ಸೇದುತ್ತೇನೆ. ರಾಡ್ ಮುರಿದೀತೇ?
— ರೈತ, ಸಿಂಧನೂರು

ಉತ್ತರ: ಸಾಮಾನ್ಯವಾಗಿ ನಾಲ್ಕರಿಂದ ಆರು ತಿಂಗಳಲ್ಲಿ ಮೂಳೆ ಕೂಡುತ್ತದೆ. ಒಂಬತ್ತು ತಿಂಗಳಾದರೂ ಕೂಡದೆ, ಕೊನೆಯ ಮೂರು ತಿಂಗಳಲ್ಲಿ ಎಕ್ಸ್-ರೇಯಲ್ಲಿ ಏನೂ ಮುನ್ನಡೆ ಕಾಣದಿದ್ದರೆ ಅದು ತಾನಾಗಿ ಕೂಡುವ ಆಸೆ ಕಡಿಮೆ. ಲೋಹಕ್ಕೂ ದಣಿವುಂಟು. ಮೂಳೆ ಕೂಡದೆ ಉಳಿದರೆ ಪ್ರತಿ ಹೆಜ್ಜೆಯ ಭಾರ ರಾಡಿನ ಮೇಲೇ ಬಿದ್ದು ಒಂದು ದಿನ ಅದು ಮುರಿಯಬಹುದು.

ಮೊದಲು ಬೀಡಿ ಬಿಡಿ. ನಿಕೋಟಿನ್ ಸಣ್ಣ ರಕ್ತನಾಳಗಳನ್ನು ಕುಗ್ಗಿಸಿ ಹೊಸ ಮೂಳೆಗೆ ಬೇಕಾದ ರಕ್ತವನ್ನೇ ತಡೆಯುತ್ತದೆ. ಸಕ್ಕರೆ ಕಾಯಿಲೆ ಇದೆಯೇ ನೋಡಿಸಿ. ಅಂಗಡಿಯಿಂದ ನೋವಿನ ಮಾತ್ರೆ ತಂದು ದಿನವೂ ನುಂಗುತ್ತಿದ್ದರೆ ನಿಲ್ಲಿಸಿ, ಕೆಲವು ಮಾತ್ರೆಗಳು ಮೂಳೆ ಕೂಡುವುದನ್ನು ನಿಧಾನಿಸುತ್ತವೆ. ಒಳಗೆ ಸೋಂಕಿದೆಯೇ ಎಂದು ತಿಳಿಯಲು ಇ.ಎಸ್.ಆರ್., ಸಿ.ಆರ್.ಪಿ. ರಕ್ತಪರೀಕ್ಷೆ ಬೇಕು. ಸೋಂಕಿಲ್ಲದಿದ್ದರೆ ದಾರಿಗಳಿವೆ. ಒಂದು ತುದಿಯ ಸ್ಕ್ರೂ ತೆಗೆದು ಮುರಿದ ತುದಿಗಳು ಒತ್ತಿಕೊಳ್ಳಲು ಬಿಡುವುದು, ಹಳೆಯ ರಾಡ್ ತೆಗೆದು ಮತ್ತೆ ಕೊರೆದು ಇನ್ನೂ ದಪ್ಪದ್ದನ್ನು ಹಾಕುವುದು, ಸೊಂಟದ ಮೂಳೆಯಿಂದ ಕಸಿ ಮಾಡುವುದು. ಧೈರ್ಯಗೆಡಬೇಡಿ. ಇವುಗಳಿಂದ ಹೆಚ್ಚಿನವರ ಮೂಳೆ ಕೂಡುತ್ತದೆ.

ಪ್ರಶ್ನೆ: ನನ್ನ ಎಂಟು ವರ್ಷದ ಮಗಳು ಮರದಿಂದ ಬಿದ್ದು ತೊಡೆ ಮುರಿದುಕೊಂಡಳು. ಎರಡು ತೆಳು ರಾಡ್ ಹಾಕಿದ್ದಾರೆ. ಕಾಲಿನ ಬೆಳವಣಿಗೆ ನಿಲ್ಲುತ್ತದೆಯೇ?
— ಶಿಕ್ಷಕ, ಸಿರಸಿ

ಉತ್ತರ: ನಿಲ್ಲುವುದಿಲ್ಲ. ಅವು ಬಾಗುವ ಟೈಟಾನಿಯಂ ರಾಡ್‌ಗಳು, ಫ್ರಾನ್ಸಿನ ನಾನ್ಸಿ ನಗರದ ವೈದ್ಯರು ಬೆಳೆಸಿದ ವಿಧಾನ. ಮೂಳೆ ಬೆಳೆಯುವ ಪದರಕ್ಕೆ ತಾಗದಂತೆ ಮೊಣಕಾಲಿನ ಮೇಲುಗಡೆಯಿಂದ ಹಾಕುತ್ತಾರೆ. ಈ ವಯಸ್ಸಿನಲ್ಲಿ ಮುರಿದ ಕಾಲು ಒಂದು ಸೆಂಟಿಮೀಟರಿನಷ್ಟು ಹೆಚ್ಚು ಬೆಳೆಯುವುದೂ ಉಂಟು, ಅದರಿಂದ ತೊಂದರೆಯಿಲ್ಲ. ಮೂಳೆ ಕೂಡಿದ ಮೇಲೆ, ಸಾಮಾನ್ಯವಾಗಿ ಆರು ತಿಂಗಳಿಂದ ಒಂದು ವರ್ಷದೊಳಗೆ, ರಾಡ್ ತೆಗೆಯುತ್ತಾರೆ. ಐದು ವರ್ಷದೊಳಗಿನ ಮಕ್ಕಳಿಗಾದರೆ ಬಹುತೇಕ ಪ್ಲಾಸ್ಟರೇ ಸಾಕು.

ಪ್ರಶ್ನೆ: ನನ್ನ ತಾಯಿಗೆ 68 ವರ್ಷ. ಮೂಳೆ ಸವೆತಕ್ಕೆ ಎಂಟು ವರ್ಷಗಳಿಂದ ವಾರಕ್ಕೊಂದು ಅಲೆಂಡ್ರೊನೇಟ್ ಮಾತ್ರೆ ತೆಗೆದುಕೊಳ್ಳುತ್ತಿದ್ದಾರೆ. ಈಚೆಗೆ ತೊಡೆಯಲ್ಲಿ ಮಂದ ನೋವು. ವಯಸ್ಸಿನದ್ದೆಂದು ಸುಮ್ಮನಿರಬಹುದೇ?
— ಬ್ಯಾಂಕ್ ಉದ್ಯೋಗಿ, ಮೈಸೂರು

ಉತ್ತರ: ಸುಮ್ಮನಿರಬೇಡಿ. ಈ ಗುಂಪಿನ ಮಾತ್ರೆಗಳು ಬೆನ್ನುಮೂಳೆ, ಸೊಂಟದ ಎಷ್ಟೋ ಮುರಿತಗಳನ್ನು ತಪ್ಪಿಸುತ್ತವೆ. ಆದರೆ ಬಹಳ ವರ್ಷ ಬಿಡದೆ ತೆಗೆದುಕೊಂಡವರಲ್ಲಿ ಅಪರೂಪಕ್ಕೆ ತೊಡೆಮೂಳೆಯ ಹೊರಗೋಡೆಯಲ್ಲಿ ಬಿರುಕು ಹುಟ್ಟುತ್ತದೆ. ವಾರ, ತಿಂಗಳುಗಟ್ಟಲೆ ನೋವು ಕೊಟ್ಟು, ಒಂದು ದಿನ ಬೀಳದೆಯೇ ಮೂಳೆ ಅಡ್ಡಕ್ಕೆ ಮುರಿಯುತ್ತದೆ. ಎರಡೂ ತೊಡೆಗಳ ಪೂರ್ತಿ ಉದ್ದದ ಎಕ್ಸ್-ರೇ ಮಾಡಿಸಿ, ಏಕೆಂದರೆ ಇನ್ನೊಂದು ಕಾಲಿನಲ್ಲೂ ಬಿರುಕಿರಬಹುದು. ಎಕ್ಸ್-ರೇಯಲ್ಲಿ ಕಾಣದೆ ನೋವು ಮುಂದುವರಿದರೆ ಎಂ.ಆರ್.ಐ. ಬೇಕು. ಬಿರುಕು ಸಿಕ್ಕಿ ನೋವೂ ಇದ್ದರೆ ಮುರಿಯುವ ಮುಂಚೆಯೇ ರಾಡ್ ಹಾಕುವುದು ಒಳ್ಳೆಯದು. ಮಾತ್ರೆಯ ಬಗ್ಗೆ ಅದನ್ನು ಬರೆದುಕೊಟ್ಟ ವೈದ್ಯರ ಬಳಿ ಈಗಲೇ ಮಾತಾಡಿ. ತೊಡೆನೋವು ಇಲ್ಲದ ಇತರರು ಇದನ್ನು ಓದಿ ತಾವಾಗಿಯೇ ಮಾತ್ರೆ ನಿಲ್ಲಿಸಬಾರದು.

ಪ್ರಶ್ನೆ: ಮೂಳೆ ಕೂಡಿದೆ. ರಾಡ್ ತೆಗೆಸಲೇಬೇಕೇ? ಎಂ.ಆರ್.ಐ. ಮಾಡಿಸಬಹುದೇ?
— ಸಾಫ್ಟ್‌ವೇರ್ ಎಂಜಿನಿಯರ್, ಬೆಂಗಳೂರು

ಉತ್ತರ: ವಯಸ್ಕರಲ್ಲಿ ನೋವಿಲ್ಲದಿದ್ದರೆ ತೆಗೆಸಬೇಕಿಲ್ಲ. ತೆಗೆಸುವುದಾದರೆ ಮೂಳೆ ಗಟ್ಟಿಯಾಗಿ ಕೂಡಿದ ಮೇಲೆ, ಒಂದೂವರೆ ಎರಡು ವರ್ಷ ಕಳೆದು. ಟೈಟಾನಿಯಂ ರಾಡ್ ಇದ್ದವರು ಎಂ.ಆರ್.ಐ. ಮಾಡಿಸಬಹುದು. ಸ್ಟೀಲ್ ಆದರೂ ಸಾಮಾನ್ಯವಾಗಿ ಅಡ್ಡಿಯಿಲ್ಲ, ರಾಡಿನ ಸುತ್ತಲ ಚಿತ್ರ ಮಸುಕಾಗುತ್ತದೆ. ಪರೀಕ್ಷೆಗೆ ಮುಂಚೆ ತಂತ್ರಜ್ಞರಿಗೆ ರಾಡಿನ ವಿವರ ಹೇಳಿ. ಅದಕ್ಕಾಗಿ ಡಿಸ್ಚಾರ್ಜ್ ಚೀಟಿ ಜೋಪಾನವಾಗಿಡಿ.

ಕೊನೆಯಲ್ಲಿ ಎಲ್ಲ ಓದುಗರಿಗೂ ಒಂದು ಕೋರಿಕೆ. ಅಪಘಾತದಲ್ಲಿ ತೊಡೆ ಮುರಿದವರನ್ನು ಕಂಡರೆ ಆ ಕಾಲನ್ನು ಇನ್ನೊಂದು ಕಾಲಿಗೆ ಸೇರಿಸಿ ಅಲುಗದಂತೆ ಕಟ್ಟಿ, 108ಕ್ಕೆ ಕರೆ ಮಾಡಿ, ಮೂಳೆ ಆಪರೇಷನ್ ಸೌಲಭ್ಯವಿರುವ ಆಸ್ಪತ್ರೆಗೇ ನೇರವಾಗಿ ಕಳಿಸಿ. ಖರ್ಚಿನ ಭಯದಿಂದ ತಡಮಾಡಬೇಡಿ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಗಳಿಗೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ನೆರವಿದೆ. ಬೆಂಗಳೂರಿನ ಸಂಜಯ್ ಗಾಂಧಿ ಆಸ್ಪತ್ರೆಯಂಥ ಸರ್ಕಾರಿ ಸಂಸ್ಥೆಗಳಲ್ಲಿ ಈ ಆಪರೇಷನ್ ನಿತ್ಯದ ಕೆಲಸ. ಮೊದಲ ದಿನವೇ ಸರಿಯಾದ ಜಾಗಕ್ಕೆ ಬಂದವರಲ್ಲಿ ಬಹುತೇಕರು ತಮ್ಮ ಕಾಲ ಮೇಲೆ ನಡೆದು ಹಳೆಯ ಕೆಲಸಕ್ಕೆ ಮರಳುತ್ತಾರೆ.