ರಂಟೆ ಹೂಡುವ ಮೊದಲು ಹಲಗೆಯ ಮೇಲೆ ಹೂಡಿ ನೋಡಿರಿ

ಒಕ್ಕಲುತನದಲ್ಲಿ ಒಂದು ಸಲ ಮುರಿದ ಬೀಳನ್ನು ಮತ್ತೆ ಮೊದಲಿನಂತೆ ಮಾಡುವುದು ಸುಲಭವಲ್ಲ. ಆದುದರಿಂದ ಮುರಿಯುವ ಮೊದಲೇ ಅದರ ಫಲವೇನೆಂದು ತಿಳಿಯುವ ಉಪಾಯವಿದ್ದರೆ ಎಷ್ಟು ಲೇಸು!

ಚಪಳಗಾಂವದ ನಮ್ಮ ಹೊಲದ ಕೆಳಬದಿಗೆ ಒಂದು ಹಳ್ಳವಿದೆ. ಅದರ ದಂಡೆಗುಂಟ ಹುಲ್ಲು, ಬಾರಿಕಂಟಿ ಬೆಳೆದ ಪಟ್ಟಿಯಿದೆ. ಈ ಪಟ್ಟಿಯನ್ನು ನಟ್ಟನಡುವೆ ಮುರಿದು ಬಂಡಿಯ ದಾರಿ ಮಾಡಬೇಕೆಂದು ನಾವು ನಿಶ್ಚಯಿಸಿದ್ದೆವು. ಆದರೆ ಅಲ್ಲಿ ಕವಜುಗಗಳಿವೆ. ಈ ಹಕ್ಕಿ ನೆಲದ ಮೇಲೆಯೇ ತತ್ತಿ ಇಡುತ್ತದೆ. ಕಸದ ಬೀಜ, ಗೆದ್ದಲು, ಹುಳಗಳನ್ನು ತಿನ್ನುತ್ತದೆ. ಒಕ್ಕಲಿಗನಿಗೆ ಅದು ವೈರಿಯಲ್ಲ.

ಡೆನ್ಮಾರ್ಕ್ ದೇಶದ ವಿಜ್ಞಾನಿಗಳು ಇಂಥ ಪ್ರಶ್ನೆಗಾಗಿ ‘ಆಲ್ಮಾಸ್’ ಎಂಬ ಗಣಕಯಂತ್ರದ ಲೆಕ್ಕವನ್ನು ರಚಿಸಿದ್ದಾರೆ. ಯಂತ್ರದೊಳಗೆ ಹೊಲ, ಬದುವು, ರಸ್ತೆಗಳ ನಕ್ಷೆ ಇರುತ್ತದೆ. ಬಿತ್ತುವುದು, ಔಷಧ ಹೊಡೆಯುವುದು, ಕೊಯ್ಯುವುದು ದಿನ ದಿನವೂ ಅದರಲ್ಲಿ ನಡೆಯುತ್ತವೆ. ಬಾನಾಡಿ, ಮೊಲ ಮೊದಲಾದವು ಅಲ್ಲಿ ಹೇಗೆ ಬಾಳುತ್ತವೆಂಬುದನ್ನು ಯಂತ್ರ ಲೆಕ್ಕ ಮಾಡಿ ತೋರಿಸುತ್ತದೆ. ನಮ್ಮಲ್ಲಿ ಆ ಯಂತ್ರವಿಲ್ಲದಿದ್ದರೂ ಅದರ ರೀತಿಯನ್ನು ಶಾಲೆಯ ಕರಿಹಲಗೆಯ ಮೇಲೆ ಅನುಸರಿಸಬಹುದು. ನಾವು ಮಾಡಿದ್ದು ಹೀಗೆ:

1. ಹಲಗೆಯ ಮೇಲೆ ಹತ್ತಕ್ಕೆ ಹತ್ತರಂತೆ 100 ಚೌಕಗಳನ್ನು ಬರೆದೆವು. ಇದೇ ಹೊಲ.

2. ಅವುಗಳಲ್ಲಿ 12 ಚೌಕಗಳನ್ನು ಹುಲ್ಲೆಂದು ಗುರುತಿಸಿದೆವು.

3. ಒಂದು ನಿಯಮ ಇಟ್ಟೆವು. ಒಂದು ಜೋಡಿ ಕವಜುಗಕ್ಕೆ ಗೂಡಿಗೆ ಒಂದು ಚೌಕ, ಜೋಳ ಕೊಯ್ದಾಗ ಅಡಗಲು ಅದಕ್ಕೆ ಹತ್ತಿದ ಇನ್ನೊಂದು ಚೌಕ ಬೇಕು. ಒಂದು ಜೋಡಿಯ ಚೌಕ ಇನ್ನೊಂದಕ್ಕೆ ಸಲ್ಲದು.

ಮೊದಲು 12 ಹುಲ್ಲಿನ ಚೌಕಗಳನ್ನು ಒಂದಕ್ಕೊಂದು ತಗಲದಂತೆ ಚದುರಿಸಿದೆವು. ಒಂದು ಜೋಡಿಯೂ ನಿಲ್ಲಲಿಲ್ಲ. ಅವೇ 12 ಚೌಕಗಳನ್ನು ಹಳ್ಳಗುಂಟ ಸಾಲಾಗಿ ಕೂಡಿಸಿದೆವು. 6 ಜೋಡಿ ನಿಂತವು. ಹುಲ್ಲಿನ ನೆಲ ಹೆಚ್ಚಾಗಲಿಲ್ಲ, ಕೂಡಿಕೊಂಡಿತು ಅಷ್ಟೆ.

ಬಳಿಕ ಸಾಲಿನ ತುದಿಯಿಂದ 2 ಚೌಕ ತೆಗೆದೆವು. 5 ಜೋಡಿ ಉಳಿದವು. ಅವನ್ನು ತಿರುಗಿ ಇಟ್ಟು, ನಟ್ಟನಡುವಿನ 2 ಚೌಕ ತೆಗೆದೆವು. ಸಾಲು ಐದು ಐದಾಗಿ ತುಂಡಾಯಿತು. 4 ಜೋಡಿ ಮಾತ್ರ ಉಳಿದವು. ಕಳೆದ ನೆಲ ಅಷ್ಟೇ, ಹಾನಿ ಇಮ್ಮಡಿ. ನಮ್ಮ ಬಂಡಿಯ ದಾರಿಯೂ ನಟ್ಟನಡುವೆಯೇ ಇತ್ತು!

ಜಾಗ ತಪ್ಪಿದರೆ ಏನಾಗುತ್ತದೆಂಬುದಕ್ಕೆ ರಾಣೆಬೆನ್ನೂರು ಸಾಕ್ಷಿ. ಅಲ್ಲಿಯ ಹುಲ್ಲುಬಯಲಿನಲ್ಲಿ ನೀಲಗಿರಿ ಗಿಡಗಳನ್ನು ನೆಟ್ಟರು. ಗಿಡ ನೆಡುವುದು ಒಳ್ಳೆಯ ಕೆಲಸವೇ. ಆದರೆ ಬಯಲನ್ನೇ ನಂಬಿದ ಎರೆಭೂತ ಹಕ್ಕಿ ಅಲ್ಲಿಂದ ಕಣ್ಮರೆಯಾಯಿತು. ಇದೇ ಹಕ್ಕಿಗೆ ಮರಾಠಿಯಲ್ಲಿ ಮಾಳಢೋಕ ಎನ್ನುತ್ತಾರೆ. ಅದರ ಸಲುವಾಗಿ ನಮ್ಮ ಸೋಲಾಪುರದ ನಾನ್ನಜದಲ್ಲಿ 1979ರಲ್ಲಿ ಅಭಯಾರಣ್ಯವಾಯಿತು. ಈಗ ಅಲ್ಲಿಯೂ ಅದರ ದರ್ಶನ ಅಪರೂಪ.

ಒಕ್ಕಲಿಗನ ಹಾನಿಯನ್ನೂ ಹಲಗೆಯ ಮೇಲೆ ಬರೆಯತಕ್ಕದ್ದು. ಹುಲ್ಲಿದ್ದಲ್ಲಿ ಚಿಗರಿ ಬರುತ್ತದೆ. ಬಂದರೆ ಕಡಲೆ ಮೇಯದೆ ಬಿಡದು. ಅದಕ್ಕಾಗಿ ಪಟ್ಟಿಗೆ ಹತ್ತಿದ ಚೌಕಗಳಲ್ಲಿ ಕಡಲೆಯ ಬದಲು ಕುಸುಬಿಯನ್ನು ಇಟ್ಟು ನೋಡಿದೆವು. ಮುಳ್ಳಿನ ಬೆಳೆಗೆ ದನಗಳು ಬಾಯಿ ಹಾಕುವುದು ಕಡಿಮೆಯೆಂಬುದು ನಮ್ಮ ಹಿರಿಯರಿಗೂ ಗೊತ್ತಿತ್ತು. ಕಡಲೆ ಹೊಲದ ಮೇಲ್ಬದಿಗೆ ಹೋಯಿತು.

ಒಂದು ಎಚ್ಚರಿಕೆ. ನಾವು ಇಟ್ಟ ನಿಯಮ ತಪ್ಪಾದರೆ ಉತ್ತರವೂ ತಪ್ಪೇ. ಹಲಗೆಯ 6 ಜೋಡಿ ಹೊಲದಲ್ಲಿ 6 ಆಗಲಿಕ್ಕಿಲ್ಲ. ಯಾವ ಉಪಾಯ ಮೇಲು, ಯಾವುದು ಕೀಳು ಎಂಬಷ್ಟನ್ನೇ ಅದರಿಂದ ತಿಳಿಯಬೇಕು. ಆಮೇಲೆ ಹೊಲವನ್ನೇ ಕೇಳಬೇಕು. ಕವಜುಗ ಬೆಳಗಿನ ಜಾವ ಗಟ್ಟಿಯಾಗಿ ಕೂಗುತ್ತದೆ. ಬಿತ್ತಿಗೆಯ ಮುಂಚೆ ಮತ್ತು ಸುಗ್ಗಿಯ ತರುವಾಯ ಬದುವಿನ ಮೇಲೆ ನಿಂತು ಎಷ್ಟು ಕಡೆಯಿಂದ ಕೂಗು ಬಂತೆಂದು ವಹಿಯಲ್ಲಿ ಬರೆದಿಡಿರಿ. ಎರಡು ಮೂರು ವರ್ಷದ ಲೆಕ್ಕ ಕೂಡಿದರೆ ನಿಯಮವನ್ನು ತಿದ್ದಬಹುದು.

ನಾವು ಬಂಡಿಯ ದಾರಿಯನ್ನು ಪಟ್ಟಿಯ ತುದಿಗೆ ಸರಿಸಿದೆವು. ಎತ್ತುಗಳಿಗೆ ಸುತ್ತಾಗುತ್ತದೆ, ರಾಶಿಯ ದಿನಗಳಲ್ಲಿ ಬೇಸರವೂ ಬರುತ್ತದೆ. ಆದರೂ ಪಟ್ಟಿ ಇಡಿಯಾಗಿದೆ. ನೆರೆಹೊರೆಯವರು ತಮ್ಮ ಬದುವುಗಳನ್ನು ಇದಕ್ಕೆ ಕೂಡಿಸಿದರೆ ಸಾಲು ಇನ್ನೂ ಉದ್ದವಾದೀತು. ಒಬ್ಬನ ಹೊಲದಲ್ಲಿ ಆಗದ್ದು ನಾಲ್ವರ ಹೊಲದಲ್ಲಿ ಆಗುತ್ತದೆ. ಈ ಸಲ ರಂಟೆ ಹೂಡುವ ಮೊದಲು ಮಕ್ಕಳ ಪಾಟಿಯನ್ನು ಇಸಿದುಕೊಂಡು ಕುಳಿತು ನೋಡಿರಿ.