ಕೂಸಿಗೊಂದು ಕುಲಾವಿ

ಕರಾವಳಿಗೆ ಚಳಿಗಾಲವೇ ಇಲ್ಲವೆಂಬ ಮಾತು ಬಯಲುಸೀಮೆಯ ಜನರಲ್ಲಿ ರೂಢಿಯಾಗಿದೆ. ಆ ಮಾತಿನಲ್ಲಿ ಸ್ವಲ್ಪ ನಿಜವೂ ಉಂಟು. ಮಂಗಳೂರಿನಲ್ಲಿ ಜನವರಿ ತಿಂಗಳ ಬೆಳಗಿನ ಜಾವದಲ್ಲಿಯೂ ಉಷ್ಣತೆಯು ಸಾಮಾನ್ಯವಾಗಿ 20 ಡಿಗ್ರಿ ಸೆಲ್ಸಿಯಸ್ಸಿನ ಆಸುಪಾಸಿನಲ್ಲಿಯೇ ಇರುತ್ತದೆ. ಆದರೆ ಕಡಲನ್ನು ಹಿಂದೆ ಬಿಟ್ಟು ಒಳನಾಡಿಗೆ ಸಾಗಿದಂತೆಲ್ಲ ಗಾಳಿಯ ಗುಣ ಬದಲಾಗುತ್ತದೆ. ನೇತ್ರಾವತಿಯ ದಂಡೆಯ ಬಂಟ್ವಾಳ, ಬಸದಿಗಳ ಊರಾದ ಮೂಡುಬಿದಿರೆ, ಪಶ್ಚಿಮ ಘಟ್ಟದ ಬುಡದಲ್ಲಿರುವ ಬೆಳ್ತಂಗಡಿ—ಈ ಊರುಗಳ ಸುತ್ತಣ ಹಳ್ಳಿಗಳಲ್ಲಿ ಮಾರ್ಗಶಿರ, ಪುಷ್ಯ ಮಾಸಗಳ ಮುಂಜಾವು ಸುಗ್ಗಿ ಬೆಳೆಯ ಗದ್ದೆಗಳ ಮೇಲೆ ಮಂಜಿನ ತೆರೆಯನ್ನು ಹಾಸುತ್ತದೆ. ಅಡಕೆಯ ತೋಟಗಳಲ್ಲಿ ಸೋಗೆಯಿಂದ ಸೋಗೆಗೆ ಇಬ್ಬನಿ ತೊಟ್ಟಿಕ್ಕುತ್ತದೆ.

ಅಂತಹ ಮುಂಜಾವಿನಲ್ಲಿ ಮನೆಯ ಮಕ್ಕಳಿಗೆ ಪ್ರಿಯವಾದ ಸ್ಥಳವೊಂದಿತ್ತು. ಅದು ಬಚ್ಚಲಿನ ಹಂಡೆಯ ಒಲೆ. ತೆಂಗಿನ ಮಡಲು, ಗೆರಟೆಗಳು ಉರಿಯುವ ಆ ಒಲೆಯ ಮುಂದೆ ಅಂಗೈ ಚಾಚಿ ಕುಳಿತ ಮಕ್ಕಳ ಮೈಮೇಲೆ ಅಂಗಡಿಯಿಂದ ತಂದ ಉಣ್ಣೆಯ ಅಂಗಿಗಳು ಇರುತ್ತಿರಲಿಲ್ಲ. ತಾಯಿಯ ಹಳೆಯ ಸೀರೆಯ ತುಂಡು, ತಂದೆಯ ಸವೆದ ಬೈರಾಸು, ಅಜ್ಜಿ ಹೊಲಿದ ದಪ್ಪ ರವಿಕೆಯಂತಹ ಅಂಗಿ—ಇವೇ ಅವರ ಚಳಿಗಾಲದ ಉಡುಪುಗಳು. ಧನುರ್ಮಾಸದ ಪೂಜೆಗೆ ದೇವಸ್ಥಾನಕ್ಕೆ ಓಡುವಾಗಲೂ, ಬಯಲಾಟದ ರಾತ್ರಿ ಗದ್ದೆಯಲ್ಲಿ ಚಾಪೆ ಹಾಸಿ ಬೆಳಗಿನವರೆಗೆ ಕುಳಿತಿರುವಾಗಲೂ ಅವರನ್ನು ಬೆಚ್ಚಗಿಡುತ್ತಿದ್ದುದು ನಾಲ್ಕಾಗಿ ಮಡಿಚಿದ ಹಳೆಯ ಅರಿವೆಯೇ. ರಂಗಸ್ಥಳದಲ್ಲಿ ಮಹಿಷಾಸುರನು ಆರ್ಭಟಿಸುವ ಹೊತ್ತಿಗೆ ಎಷ್ಟೋ ಮಕ್ಕಳು ಆ ಅರಿವೆಯೊಳಗೆ ನಿದ್ದೆ ಹೋಗಿರುತ್ತಿದ್ದರು.

ಬೆಳೆದ ಮಕ್ಕಳ ಮಾತು ಹಾಗಿರಲಿ. ಆಗತಾನೆ ಹುಟ್ಟಿದ ಕೂಸಿನ ಪಾಡೇನು? ಕರಾವಳಿಗೆ ಚಳಿಯಿಲ್ಲ ಎಂಬ ಮಾತು ಸುಳ್ಳಾಗುವುದು ಇಲ್ಲಿಯೇ. ತಾಯಿಯ ಗರ್ಭದಲ್ಲಿ ಮಗುವಿಗೆ ದೊರೆಯುತ್ತಿದ್ದುದು 37 ಡಿಗ್ರಿಗಿಂತಲೂ ತುಸು ಹೆಚ್ಚಿನ ಕಾವು. ಹೆರಿಗೆಯ ಕೋಣೆಯ ಉಷ್ಣತೆಯು 25 ಡಿಗ್ರಿಗಿಂತ ಕಡಿಮೆಯಾಗಬಾರದೆಂದು ವಿಶ್ವ ಆರೋಗ್ಯ ಸಂಸ್ಥೆಯು ಹೇಳುತ್ತದೆ. ಹಾಗಿರುವಾಗ ನಮಗೆ ಹಿತವೆನಿಸುವ 20 ಡಿಗ್ರಿಯ ಗಾಳಿ ಆ ಹಸುಳೆಗೆ ಕೊರೆಯುವ ಚಳಿಯೇ ಸರಿ. ಮಗುವಿನ ತೂಕಕ್ಕೆ ಹೋಲಿಸಿದರೆ ಅದರ ಚರ್ಮದ ಹರವು ದೊಡ್ಡದು; ಅದರ ದೇಹದ ಉದ್ದದಲ್ಲಿ ಕಾಲು ಭಾಗ ತಲೆಯೇ ಆಗಿರುತ್ತದೆ. ದೊಡ್ಡವರಂತೆ ನಡುಗಿ ಮೈಯನ್ನು ಕಾಯಿಸಿಕೊಳ್ಳುವ ಶಕ್ತಿ ಅದಕ್ಕಿಲ್ಲ. ಮೈಯ ಕಾವು 36.5 ಡಿಗ್ರಿಗಿಂತ ಕೆಳಗಿಳಿದರೆ ಮಗುವಿಗೆ ಅಪಾಯ ಆರಂಭವಾಯಿತೆಂದೇ ವೈದ್ಯರು ತಿಳಿಯುತ್ತಾರೆ. ತಿಂಗಳು ತುಂಬದೆ ಹುಟ್ಟಿದ, ತೂಕ ಕಡಿಮೆಯಾದ ಶಿಶುಗಳಿಗಂತೂ ಇದು ಪ್ರಾಣದ ಪ್ರಶ್ನೆ. ಆದುದರಿಂದಲೇ ಹುಟ್ಟಿದ ಕೂಡಲೆ ಮಗುವಿನ ಮೈಯನ್ನು ಒರಸಿ ಒಣಗಿಸಿ, ತಾಯಿಯ ಎದೆಗೆ ಒರಗಿಸಿ, ತಲೆಗೆ ಟೊಪ್ಪಿ ತೊಡಿಸಬೇಕೆಂದೂ, ಸ್ನಾನವನ್ನು ಒಂದು ದಿನದ ಮಟ್ಟಿಗೆ ಮುಂದೂಡಬೇಕೆಂದೂ ಇಂದಿನ ವೈದ್ಯಶಾಸ್ತ್ರವು ವಿಧಿಸುತ್ತದೆ.

ಆ ಟೊಪ್ಪಿಗೆ ಕನ್ನಡದಲ್ಲಿ ಹಳೆಯದೊಂದು ಹೆಸರಿದೆ: ಕುಲಾವಿ. ಕೂಸು ಹುಟ್ಟುವ ಮುನ್ನವೇ ಕುಲಾವಿ ಹೊಲಿಸಿದರಂತೆ ಎಂಬ ಗಾದೆಯನ್ನು ಕೇಳದವರಿಲ್ಲ. ಅನಾವಶ್ಯಕವಾದ ಆತುರವನ್ನು ಹಾಸ್ಯ ಮಾಡುವುದಕ್ಕಾಗಿ ಹುಟ್ಟಿದ ಗಾದೆ ಇದು. ಆದರೆ ವೈದ್ಯನ ಕಣ್ಣಿನಿಂದ ನೋಡಿದರೆ ಆ ಆತುರವೇ ವಿವೇಕ. ಕುಲಾವಿಯ ಅಗತ್ಯ ಬೀಳುವುದು ಹುಟ್ಟಿದ ಮೊದಲ ಗಳಿಗೆಯಲ್ಲಿಯೇ ಅಲ್ಲವೇ?

ಹುಟ್ಟದ ಮಗುವಿಗೆ ಹೊಸ ಬಟ್ಟೆ ಕೊಳ್ಳಬಾರದೆಂಬ ನಂಬಿಕೆ ಅನೇಕ ಮನೆಗಳಲ್ಲಿತ್ತು. ಆದರೆ ಹಳೆಯ ಬಟ್ಟೆಗೆ ಆ ನಿಷೇಧವಿರಲಿಲ್ಲ. ಬಾಣಂತಿಯ ಕೋಣೆಗೆ ಬೇಕಾದ ಅರಿವೆಗಳನ್ನು ಹಿರಿಯ ಹೆಂಗಸರು ತಿಂಗಳುಗಳ ಮೊದಲೇ ಸಿದ್ಧಗೊಳಿಸುತ್ತಿದ್ದರು. ನಂಬಿಕೆಯ ಮೂಲ ಏನೇ ಇರಲಿ, ಅದರ ಫಲ ಮಾತ್ರ ಒಳ್ಳೆಯದಾಗಿತ್ತು. ಹೊಸ ಬಟ್ಟೆಯಲ್ಲಿ ಗಂಜಿಯ ಬಿರುಸು ಇರುತ್ತದೆ, ಬಣ್ಣ ಬಿಡುವುದೂ ಉಂಟು. ನೂರಾರು ಸಲ ಒಗೆದು ಒಣಗಿಸಿದ ಹತ್ತಿಯ ಸೀರೆಯಲ್ಲಿ ಇವೆರಡೂ ಇರುವುದಿಲ್ಲ. ಅದರ ಎಳೆಗಳು ಮೃದುವಾಗಿ, ನೀರನ್ನು ಬೇಗನೆ ಹೀರುವಂತಾಗಿರುತ್ತವೆ. ಹಸುಳೆಯ ಚರ್ಮಕ್ಕೆ ಅದಕ್ಕಿಂತ ಹಿತವಾದ ಬಟ್ಟೆ ಸುಲಭವಾಗಿ ಸಿಗಲಾರದು.

ಕುಲಾವಿಯನ್ನು ಹೊಲಿಯುವ ಕ್ರಮವೂ ಸರಳ. ಸೀರೆಯನ್ನು ಬಿಸಿನೀರಿನಲ್ಲಿ ಕುದಿಸಿ, ಬಿಸಿಲಿನಲ್ಲಿ ಗರಿಗರಿಯಾಗಿ ಒಣಗಿಸಬೇಕು. ತೀರ ಸವೆದ ಭಾಗವನ್ನು ಬಿಟ್ಟು, ಗಟ್ಟಿಯಾಗಿರುವ ಸೆರಗಿನ ಬದಿಯಿಂದ ಒಂದೂವರೆ ಗೇಣು ಉದ್ದ, ಮುಕ್ಕಾಲು ಗೇಣು ಅಗಲದ ತುಂಡುಗಳನ್ನು ಕತ್ತರಿಸಿ, ಮೂರು ಪದರವಾಗಿ ಜೋಡಿಸಬೇಕು. ಅಂಚುಗಳನ್ನು ಒಳಕ್ಕೆ ಮಡಿಚಿ ಹೊಲಿದ ಮೇಲೆ, ಉದ್ದದ ಒಂದು ಅಂಚಿಗೆ ದಾರ ಪೋಣಿಸಿ ಬಿಗಿಯಾಗಿ ಎಳೆದರೆ ಅದು ನೆರಿಗೆಗಟ್ಟಿ ಹಿಂದಲೆಯ ದುಂಡಗಿನ ಆಕಾರ ಪಡೆಯುತ್ತದೆ. ಇನ್ನೊಂದು ಅಂಚು ಒಂದು ಕಿವಿಯಿಂದ ನೆತ್ತಿಯ ಮೇಲೆ ಹಾದು ಇನ್ನೊಂದು ಕಿವಿಯವರೆಗೆ ಕೂಡುತ್ತದೆ. ಹೊಲಿಗೆಯ ಗಂಟುಗಳೆಲ್ಲ ಹೊರಮುಖವಾಗಿರಬೇಕು. ಮಗುವಿನ ತಲೆಗೆ ತಾಗುವ ಬದಿ ನುಣುಪಾಗಿರಬೇಕು. ಗಲ್ಲದ ಕೆಳಗೆ ಕಟ್ಟುವ ದಾರ ಗಿಡ್ಡವಾಗಿರಬೇಕು. ಮಗುವನ್ನು ಮಲಗಿಸಿ ಬರುವಾಗ ಅದನ್ನು ಬಿಚ್ಚಿಡುವುದು ಕ್ಷೇಮ. ಮುಖದ ಮೇಲೆ ಸರಿದು ಬೀಳುವಂತಹ ದಪ್ಪ ಹೊದಿಕೆಯೂ ಉಸಿರಿಗೆ ಅಪಾಯಕಾರಿ. ಬೆಚ್ಚಗಿಡುವುದೆಂದರೆ ಉಸಿರು ಕಟ್ಟುವಂತೆ ಸುತ್ತುವುದಲ್ಲ.

ಮಗು ನಡೆಯುವಷ್ಟು ಬೆಳೆದಾಗ ಮನೆಯ ಬೇರೆ ವಸ್ತುಗಳ ಸರದಿ ಬರುತ್ತದೆ. ಹಿರಿಯರ ಹಳೆಯ ಸ್ವೆಟರಿನ ಎರಡು ತೋಳುಗಳನ್ನು ಕಂಕುಳಿನ ಬಳಿ ಕತ್ತರಿಸಿ, ಮೇಲ್ಭಾಗದಲ್ಲಿ ಒಂದಕ್ಕೊಂದು ಸೇರಿಸಿ ಹೊಲಿದು, ಸೊಂಟಕ್ಕೆ ಲಾಡಿ ಪೋಣಿಸಿದರೆ ಎರಡು ವರ್ಷದ ಮಗುವಿಗೆ ಬೆಚ್ಚನೆಯ ಚಡ್ಡಿ ಸಿದ್ಧವಾಗುತ್ತದೆ. ತೋಳಿನ ಕೊನೆಯ ಬಿಗಿ ಹೆಣಿಗೆಯೇ ಮಗುವಿನ ಕಣಕಾಲನ್ನು ಹಿಡಿದು ಗಾಳಿ ನುಗ್ಗದಂತೆ ತಡೆಯುತ್ತದೆ. ಉಳಿದ ನಡುಭಾಗ ತೋಳಿಲ್ಲದ ಅಂಗಿಯಾಗುತ್ತದೆ. ಹರಿದ ಕಾಲುಚೀಲದ ಮುಂಭಾಗವು ಪುಟ್ಟ ಕೈಗಳಿಗೆ ಚೀಲವಾಗುತ್ತದೆ. ಸಂಪೂರ್ಣ ಜೀರ್ಣವಾದ ಸ್ವೆಟರಿನ ನೂಲನ್ನು ಬಿಚ್ಚಿ, ಉಂಡೆ ಸುತ್ತಿ, ಹೊಸದಾಗಿ ಹೆಣೆಯುವುದೂ ಸಾಧ್ಯ.

ಇಷ್ಟು ತೆಳುವಾದ ಹಳೆಯ ಬಟ್ಟೆ ಚಳಿಯನ್ನು ತಡೆಯುವುದಾದರೂ ಹೇಗೆ? ಬಟ್ಟೆಯು ತಾನಾಗಿ ಬಿಸಿಯನ್ನು ಉಂಟುಮಾಡುವುದಿಲ್ಲ. ಬಿಸಿಯನ್ನು ಉಂಟುಮಾಡುವುದು ದೇಹವೇ. ಆ ಬಿಸಿ ಹೊರಗೆ ಹೋಗದಂತೆ ತಡೆಯುವುದು ಬಟ್ಟೆಯ ಕೆಲಸ. ನಿಶ್ಚಲವಾದ ಗಾಳಿಯು ಶಾಖದ ಮಂದವಾಹಕ. ಪದರ ಪದರಗಳ ನಡುವೆ ಸಿಕ್ಕಿಕೊಂಡ ಗಾಳಿಯೇ ನಿಜವಾದ ಹೊದಿಕೆ. ಆದಕಾರಣ ಒಂದು ದಪ್ಪ ಬಟ್ಟೆಗಿಂತ ಮೂರು ತೆಳು ಬಟ್ಟೆಗಳು ಹೆಚ್ಚು ಬೆಚ್ಚಗಿರುವುದುಂಟು. ಆದರೆ ಹತ್ತಿ ಒದ್ದೆಯಾಯಿತೆಂದರೆ ಆ ಗಾಳಿಯ ಜಾಗದಲ್ಲಿ ನೀರು ತುಂಬಿ, ಅದು ಮೈಯ ಬಿಸಿಯನ್ನೇ ಹೀರತೊಡಗುತ್ತದೆ. ಉಣ್ಣೆಯಾದರೋ ಒದ್ದೆಯಾದಾಗಲೂ ಸ್ವಲ್ಪಮಟ್ಟಿಗೆ ಬೆಚ್ಚಗಿರುತ್ತದೆ. ಜನರು ಈ ನಿಯಮವನ್ನು ಪುಸ್ತಕ ಓದಿ ಕಲಿತವರಲ್ಲ. ಮಳೆಗಾಲಕ್ಕೆ ಮಲೆನಾಡಿನವರು ಕುರುಬರು ನೇಯ್ದ ಕಂಬಳಿಯನ್ನು ಕೊಪ್ಪೆ ಮಾಡಿ ಹೊದ್ದರು. ತುಳುನಾಡಿನಲ್ಲಿ ನೇಜಿ ನೆಡುವ ಹೆಂಗಸರು ಎಲೆಗಳಿಂದ ಹೆಣೆದ ಗೊರಬನ್ನು ಬೆನ್ನಿಗೇರಿಸಿದರು. ತೋಟದಲ್ಲಿ ದುಡಿಯುವವರು ಅಡಕೆಯ ಹಾಳೆಯ ಮುಟ್ಟಾಳೆಯನ್ನು ತಲೆಗಿಟ್ಟರು. ಹತ್ತಿಯ ಪದರಗಳನ್ನು ಒಣ ಚಳಿಗೆ ಮೀಸಲಿಟ್ಟರು.

ಘಟ್ಟದ ಮೇಲೆ ಈ ವಿದ್ಯೆಯು ಕಲೆಯಾಗಿ ಬೆಳೆದಿದೆ. ಉತ್ತರ ಕರ್ನಾಟಕದ ಹೆಂಗಸರು ಹಳೆಯ ಸೀರೆ ಧೋತರಗಳನ್ನು ಪದರವಾಗಿ ಹಾಸಿ, ಸಾಲು ಸಾಲಾಗಿ ಹೊಲಿಗೆ ಹಾಕಿ ಕೌದಿಗಳನ್ನು ಮಾಡುತ್ತಾರೆ. ಮಗುವಿನ ತಲೆಯನ್ನು ಮುಚ್ಚಿ ಬೆನ್ನಿನ ಮೇಲೆ ಇಳಿಬೀಳುವ ಕುಂಚಿಗೆಯೂ ಅಲ್ಲಿಯದೇ. ಯಲ್ಲಾಪುರ, ಹಳಿಯಾಳ, ಮುಂಡಗೋಡು ತಾಲ್ಲೂಕುಗಳ ಕಾಡಿನಂಚಿನಲ್ಲಿ ವಾಸಿಸುವ, ಆಫ್ರಿಕ ಮೂಲದ ಸಿದ್ದಿ ಜನಾಂಗದ ಹೆಂಗಸರು ಕವಂದಿಯನ್ನು ಹೊಲಿಯುತ್ತಾರೆ. ಅವರು ಅಂಚಿನಿಂದ ಆರಂಭಿಸಿ, ತುಂಡುಗಳನ್ನು ಒಂದರ ಪಕ್ಕದಲ್ಲಿ ಒಂದನ್ನು ಇಡುತ್ತ ಸುತ್ತು ಬಂದು ನಡುವನ್ನು ತಲಪುತ್ತಾರೆ. ಕೊನೆಗೆ ನಾಲ್ಕು ಮೂಲೆಗಳಿಗೂ ಮಡಿಚಿದ ಬಟ್ಟೆಯ ತ್ರಿಕೋನಗಳನ್ನು ಸೇರಿಸುತ್ತಾರೆ. ಅವಕ್ಕೆ ‘ಫುಲ’, ಎಂದರೆ ಹೂವು ಎಂದು ಹೆಸರು. ಆ ಹೂವಿಲ್ಲದ ಕವಂದಿ ಬೆತ್ತಲೆಯೆಂದು ಅವರ ಭಾವನೆ. ತೊಟ್ಟಿಲ ಮಕ್ಕಳಿಗೆಂದೇ ಚಿಕ್ಕ ಕವಂದಿಗಳೂ ಇವೆ. ಹೆಚ್ಚು ಉಳ್ಳವರಲ್ಲದಿದ್ದರೂ ಹೂವಿಲ್ಲದೆ ಮಗುವಿಗೆ ಹೊದಿಸೆವು ಎಂಬ ಈ ಹಟ ಎಷ್ಟು ಹಿರಿದಾದುದು!

ಹಳೆಯದನ್ನು ಹೊಸದಾಗಿಸುವ ಕೆಲಸ ಬಡವರಿಗೆ ಮಾತ್ರ ಸೇರಿದುದಲ್ಲ. ಬಂಗಾಳದ ತಾಯಂದಿರು ಹಳೆಯ ಸೀರೆಗಳಿಂದ ಕಂಥಾ ಹೊಲಿದು ಶಿಶುಗಳನ್ನು ಸುತ್ತಿದರು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಶ್ರೀಮಂತ ದೇಶವಾದ ಇಂಗ್ಲೆಂಡು ಕೂಡ 1941ರಲ್ಲಿ ಬಟ್ಟೆಗೆ ಪಡಿತರವನ್ನು ಜಾರಿಗೆ ತಂದಿತು. ಇದ್ದುದನ್ನೇ ತೇಪೆ ಹಾಕಿ ಬಳಸಿರೆಂದು 1943ರಲ್ಲಿ ಸರ್ಕಾರವೇ ಕಿರುಹೊತ್ತಗೆಯನ್ನು ಹಂಚಿ, ದೊಡ್ಡವರ ಉಡುಪಿನಿಂದ ಮಕ್ಕಳ ಉಡುಪು ಮಾಡುವುದನ್ನು ಕಲಿಸಿತು. ನಮ್ಮ ಹಳ್ಳಿಯ ಅಜ್ಜಿಯರಿಗೆ ಆ ಹೊತ್ತಗೆಯ ಅಗತ್ಯವಿರಲಿಲ್ಲ.

ಆದರೆ ಹಳೆಯದನ್ನೆಲ್ಲ ಕೊಂಡಾಡುತ್ತ ಕುಳಿತರೆ ಸತ್ಯಕ್ಕೆ ಅಪಚಾರವಾಗುತ್ತದೆ. ಅಜ್ಜಿಯ ಹೊಲಿಗೆಯ ಹಿಂದೆ ಜಾಣ್ಮೆ ಇದ್ದಂತೆ ಬಡತನವೂ ಇತ್ತು. ಹರಿದು ಹೊಲಿಯಲು ಹಳೆಯ ಸೀರೆಯೂ ಇಲ್ಲದ ಮನೆಗಳು ಇದೇ ನೆಲದಲ್ಲಿದ್ದವು. ತುಳುನಾಡಿನ ಕೊರಗ ಜನಾಂಗದ ಒಂದು ಪಂಗಡಕ್ಕೆ ಸೊಪ್ಪು ಕೊರಗರೆಂಬ ಹೆಸರು ಬಂದುದು ಅವರು ಸೊಪ್ಪನ್ನು ಉಡುತ್ತಿದ್ದ ಕಾರಣದಿಂದ. ಅಸ್ಪೃಶ್ಯತೆಯ ಕ್ರೌರ್ಯಕ್ಕೆ ಗುರಿಯಾದ ಈ ಜನರನ್ನು ಕೀಳಾಗಿ ಕಾಣುವ ಅಜಲು ಪದ್ಧತಿಯನ್ನು ಕರ್ನಾಟಕ ಸರ್ಕಾರವು 2000ನೆಯ ಇಸವಿಯ ಕಾಯಿದೆಯ ಮೂಲಕ ನಿಷೇಧಿಸಬೇಕಾಯಿತು. ಆ ತಾಯಂದಿರ ಕೂಸುಗಳಿಗೂ ಚಳಿ ಅಷ್ಟೇ ಇತ್ತು. ಅರಿವೆಯೆಂಬುದು ಮೈಯ ಬಿಸುಪಿನ ಮಾತು ಮಾತ್ರವಲ್ಲ, ಮಾನದ ಮಾತೂ ಹೌದು. ಹಳೆಯ ಬಟ್ಟೆಯನ್ನು ಕೈಯಾರೆ ಹೊಲಿದು ತನ್ನ ಮಗುವಿಗೆ ತೊಡಿಸುವುದು ಬೇರೆ. ಬಿಸಾಡುವುದನ್ನು ಇನ್ನೊಬ್ಬರ ಕಡೆಗೆ ಎಸೆದು ದಾನವೆನ್ನುವುದು ಬೇರೆ.

ಇಂದು ಸಂತೆಯಲ್ಲಿಯೂ ಪೇಟೆಯಲ್ಲಿಯೂ ಮಕ್ಕಳ ಬಟ್ಟೆ ಅಗ್ಗವಾಗಿ ದೊರೆಯುತ್ತದೆ. ಅದು ಸಂತೋಷದ ಸಂಗತಿಯೇ. ಆದರೆ ಅವುಗಳಲ್ಲಿ ಬಹುಪಾಲು ಕೃತಕ ನೂಲಿನವು. ಅಂತಹ ಬಟ್ಟೆ ಬೆವರನ್ನು ಹೀರದು; ಒಲೆಯ ಕಿಡಿ ತಾಗಿದರೆ ಕರಗಿ ಚರ್ಮಕ್ಕೆ ಅಂಟಿಕೊಳ್ಳುತ್ತದೆ. ಹತ್ತಿಯೂ ಬೆಂಕಿಗೆ ಉರಿಯುವುದರಿಂದ ಸಡಿಲವಾದ ಬಟ್ಟೆ ತೊಟ್ಟ ಮಗುವನ್ನು ಉರಿಯ ಬಳಿ ಬಿಡಲೇಬಾರದು. ಇನ್ನೊಂದು ಕಡೆ, ಒಂದು ವರ್ಷವೂ ತೊಡದ ಉಡುಪುಗಳು ಕಸದ ರಾಶಿಯನ್ನು ಸೇರುತ್ತಿವೆ. ಬಟ್ಟೆಯ ಕೊರತೆ ನೀಗಿದಂತೆ ಬಟ್ಟೆಯ ಬೆಲೆಯನ್ನು ಅರಿಯುವ ಕಣ್ಣೂ ಮಂಕಾಗುತ್ತಿದೆ.

ಕಡಿಮೆ ತೂಕದ ಶಿಶುಗಳನ್ನು ಬೆಚ್ಚಗಿಡುವ ಯಂತ್ರಗಳು ಸಾಲದೆ ಹೋದಾಗ, 1978ರಲ್ಲಿ ದಕ್ಷಿಣ ಅಮೆರಿಕದ ಬೊಗೊಟಾ ನಗರದ ವೈದ್ಯ ಎಡ್ಗರ್ ರೇ ಎಂಬಾತನು ಅವುಗಳನ್ನು ತಾಯಿಯ ಬರಿಯ ಎದೆಗೆ ಕಟ್ಟಿ ಕಾಪಾಡುವ ಕ್ರಮವನ್ನು ಆರಂಭಿಸಿದನು. ಕಾಂಗರೂ ಆರೈಕೆಯೆಂಬ ಹೆಸರಿನಿಂದ ಅದೀಗ ಲೋಕಮಾನ್ಯವಾಗಿದೆ. ಅಲ್ಲಿ ಬೇಕಾದುದು ಮೂರೇ: ತಾಯಿಯ ಮೈ, ಕಟ್ಟಲು ಒಂದು ಬಟ್ಟೆ, ತಲೆಗೊಂದು ಟೊಪ್ಪಿ. ಜಗತ್ತಿನ ದೊಡ್ಡ ಆಸ್ಪತ್ರೆಗಳು ಒಪ್ಪಿಕೊಂಡ ಈ ಚಿಕಿತ್ಸೆಯಲ್ಲಿ ನಮ್ಮ ಅಜ್ಜಿಯ ಕುಲಾವಿಗೂ ಒಂದು ಸ್ಥಾನ ದೊರೆತಂತಾಯಿತು. ಹಳೆಯ ಸೀರೆಯ ತುಂಡನ್ನು ಕಂಡಾಗ ಅದನ್ನು ಚಿಂದಿಯೆಂದು ಹಳಿಯುವ ಮೊದಲು, ತೇಪೆಯ ಅಂಗಿ ತೊಟ್ಟ ಸಹಪಾಠಿಯನ್ನು ಕಂಡಾಗ ನಗುವ ಮೊದಲು, ವಿದ್ಯಾರ್ಥಿಗಳು ಒಂದು ಗಳಿಗೆ ಯೋಚಿಸಬೇಕು. ಆ ಹೊಲಿಗೆಯ ಒಂದೊಂದು ಎಳೆಯಲ್ಲಿಯೂ ಯಾರೋ ಒಬ್ಬರು ಒಂದು ಮಗುವಿನ ಚಳಿಯನ್ನು ಮುಂದಾಗಿಯೇ ನೆನೆದಿರುತ್ತಾರೆ.

ಅಭ್ಯಾಸ

ಅ) ಪದಗಳ ಅರ್ಥ
ಅರಿವೆ – ಬಟ್ಟೆ. ಕುಲಾವಿ – ಎಳೆಯ ಮಕ್ಕಳ ಟೊಪ್ಪಿ. ಬೈರಾಸು – ಮೈ ಒರಸುವ ವಸ್ತ್ರ. ನೇಜಿ – ಭತ್ತದ ಸಸಿ. ಬಿಸುಪು – ಬಿಸಿ, ಕಾವು. ಮಂದವಾಹಕ – ಶಾಖವನ್ನು ಸುಲಭವಾಗಿ ಸಾಗಗೊಡದ ವಸ್ತು.

ಆ) ಒಂದು ವಾಕ್ಯದಲ್ಲಿ ಉತ್ತರಿಸಿರಿ
1. ಹುಟ್ಟಿದ ಮಗುವಿಗೆ ಹಳೆಯ ಹತ್ತಿಯ ಬಟ್ಟೆ ಏಕೆ ಹಿತಕರ?
2. ಕವಂದಿಯ ಮೂಲೆಗಳಲ್ಲಿ ಸೇರಿಸುವ ತ್ರಿಕೋನಗಳಿಗೆ ಏನೆಂದು ಹೆಸರು?

ಇ) ನಾಲ್ಕೈದು ವಾಕ್ಯಗಳಲ್ಲಿ ಉತ್ತರಿಸಿರಿ
1. ‘ಕರಾವಳಿಗೆ ಚಳಿಗಾಲವಿಲ್ಲ’ ಎಂಬ ಮಾತು ಹಸುಳೆಗಳ ವಿಷಯದಲ್ಲಿ ಸುಳ್ಳಾಗುವುದು ಹೇಗೆ?
2. ‘ಅರಿವೆಯೆಂಬುದು ಮಾನದ ಮಾತೂ ಹೌದು.’ ಈ ಮಾತನ್ನು ವಿವರಿಸಿರಿ.

ಈ) ನಿಮ್ಮ ಮನೆಯ ಹಿರಿಯರನ್ನು ಕೇಳಿ, ಅವರ ಬಾಲ್ಯದಲ್ಲಿ ಚಳಿ ಮಳೆಗಳಿಗೆ ಬಳಸುತ್ತಿದ್ದ ಉಡುಪುಗಳನ್ನು ಕುರಿತು ಒಂದು ಪುಟ ಬರೆಯಿರಿ.